ಚಿತ್ತಾಪುರದಲ್ಲಿಲ್ಲದ ಘಟಕ

ಸೇಡಂನ ರಂಜನಾ ಸುಳ್ಳು ಹೇಳುವ ಹೆಂಗಸಲ್ಲ. ಆದರೂ ಆಷಾಢದ ಒಂದು ಸೋಮವಾರ ಮಧ್ಯಾಹ್ನ ಗಂಡನ ಪಕ್ಕದಲ್ಲಿ ಕೂತು, ಒಂದರ ಹಿಂದೊಂದು ಮೂರು ಸುಳ್ಳು ಬರೆಸಿದಳು.

ಊರ ಹೊರಗಿನ ಸಿಮೆಂಟ್ ಕಾರ್ಖಾನೆಗೆ ಆರು ವರ್ಷದಿಂದ ಕೈಗವಸು ಹೊಲಿಸಿ ಕೊಡುತ್ತಿದ್ದವಳು ಅವಳೇ. ದಪ್ಪ ಕ್ಯಾನ್ವಾಸ್ ಬಟ್ಟೆ, ಅಂಗೈಗೆ ಚರ್ಮದ ತುಂಡು. ಬಸ್ ನಿಲ್ದಾಣದ ಹಿಂದಿನ ಬಾಡಿಗೆ ಗೋದಾಮಿನಲ್ಲಿ ಹನ್ನೊಂದು ಹೊಲಿಗೆ ಯಂತ್ರ, ಹನ್ನೊಂದು ಮಂದಿ ಹೆಂಗಸರು, ವಾರಕ್ಕೆ ನೂರು ಡಜನ್ ಜೋಡಿ. ಚರ್ಮ ವರ್ಷಕ್ಕೊಮ್ಮೆ ಬಂದು ಬೀಳುತ್ತಿತ್ತು. ಬಟ್ಟೆ ಮಾತ್ರ ಹದಿನೈದು ದಿನಕ್ಕೊಮ್ಮೆ ಹೈದರಾಬಾದಿನ ಒಬ್ಬ ಸೇಠನ ಗೋದಾಮಿನಿಂದ ಲಾರಿಯಲ್ಲಿ ಬರಬೇಕು.

ಬೇಸಿಗೆಯಲ್ಲಿ ಕಾರ್ಖಾನೆಗೆ ಯಂತ್ರದ ಬೆಲ್ಟ್ ಕೊಡುವವನೊಬ್ಬ ಕೈಕೊಟ್ಟು, ನಾಲ್ಕು ದಿನ ಇಡೀ ಕಾರ್ಖಾನೆ ನಿಂತಿತ್ತು. ಅಂದಿನಿಂದ ಮೇಲಿನವರಿಗೆ ಭಯ ಹಿಡಿದು, ಸಾಮಾನು ಕೊಡುವ ಎಲ್ಲರಿಗೂ ನಲವತ್ತು ಪ್ರಶ್ನೆಗಳ ಒಂದು ಫಾರಂ ಕಳಿಸಿದರು. ನಿಮಗೆ ಕಚ್ಚಾ ಮಾಲು ಕೊಡುವವರು ನಿಂತರೆ ಬೇರೆ ಯಾರಿದ್ದಾರೆ? ನಿಮ್ಮ ಘಟಕ ಬಂದ್ ಆದರೆ ಕೆಲಸ ಎಲ್ಲಿ ನಡೆಯುತ್ತದೆ? ಎಷ್ಟು ದಿನಕ್ಕಾಗುವಷ್ಟು ಬಟ್ಟೆ ನಿಮ್ಮಲ್ಲಿ ಇರುತ್ತದೆ?

"ಖಾಲಿ ಬಿಡಬ್ಯಾಡ್ರಿ ಮೇಡಂ," ಎಂದು ಖರೀದಿ ವಿಭಾಗದ ಉದಯಕುಮಾರ ಫೋನಿನಲ್ಲಿ ಹೇಳಿದ್ದ. "ಖಾಲಿ ಬಿಟ್ರ ಕಂಪ್ಯೂಟರ್ ತಗೊಳಂಗಿಲ್ಲ."

ಬೇರೆ ಪೂರೈಕೆದಾರರು ಇದ್ದಾರೆ ಎಂದು ಬರೆಸಿದಳು. ಇರಲಿಲ್ಲ. ಎರಡನೆಯ ಘಟಕ ಚಿತ್ತಾಪುರದಲ್ಲಿದೆ ಎಂದು ಬರೆಸಿದಳು. ಅಲ್ಲಿ ಅವಳಿಗೆ ಒಂದು ಸೂಜಿಯೂ ಇರಲಿಲ್ಲ. ಆರು ವಾರದ ಬಟ್ಟೆ ದಾಸ್ತಾನಿದೆ ಎಂದು ಬರೆಸಿದಳು. ಗೋದಾಮಿನಲ್ಲಿದ್ದದ್ದು ಒಂಬತ್ತು ದಿನದ್ದು.

"ಎಲ್ಲಾರೂ ಹಿಂಗೇ ತುಂಬತಾರ," ಎಂದ ಗಂಡ ಶ್ರೀರಾಮ. ಅವನು ಪ್ರೌಢಶಾಲೆಯ ಗಣಿತದ ಮೇಷ್ಟರು, ಬೇರೆಯವರ ತಪ್ಪು ಲೆಕ್ಕಗಳಿಗೆ ಒಗ್ಗಿಹೋದವನು. "ಓದಾವ್ರು ಯಾರದಾರ?" ಎಂದು ಗುಂಡಿ ಒತ್ತಿ ಕಳಿಸಿಬಿಟ್ಟ.

ಅಲ್ಲಿಂದ ಶುರುವಾಯಿತು. ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಒಲೆಯ ಮೇಲೆ ಹಾಲಿಟ್ಟು ಗೋದಾಮಿಗೆ ಹೋಗಿಬಿಡುವಳು. ಗೋದಾಮಿಗೆ ಹೋಗಿ ಬಟ್ಟೆಯ ಹೊರೆಗಳನ್ನು ಮುಟ್ಟಿ ಮುಟ್ಟಿ ನೋಡುವಳು. ಲಾರಿ ಬರುವ ದಿನ ಇನ್ನೂ ದೂರವಿದ್ದರೂ ಬೆಳಿಗ್ಗೆಯಿಂದ ರಸ್ತೆಗೆ ಬಂದು ನಿಲ್ಲುವಳು. ಆರು ವರ್ಷ ಇದೇ ಒಂದು ಲಾರಿ, ಇದೇ ಒಬ್ಬ ಸೇಠ, ಇದೇ ಒಂದು ತಗಡಿನ ಸೂರಿನ ಮೇಲೆ ಹನ್ನೊಂದು ಮನೆ ನಡೆದಿದ್ದವು. ಅದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಫಾರಂನಲ್ಲಿ ಯಾರೋ ಪ್ರಶ್ನೆ ಮಾಡಿ ಕೇಳಿದ ಮೇಲೆ ಅದನ್ನು ಗೊತ್ತಿಲ್ಲದಂತೆ ಇರಲು ಸಾಧ್ಯವಾಗಲಿಲ್ಲ.

ಐದನೆಯ ದಿನ ಅಖ್ತರ ಬೇಗಂ ಕತ್ತರಿ ಕೆಳಗಿಟ್ಟಳು. ಐವತ್ತೈದು ದಾಟಿದ ಆಕೆ ಗೋದಾಮಿನ ಹಿರಿಯಳು, ಎಲ್ಲರಿಗೂ ಆಪಾ, ಅಕ್ಕ. ಬಟ್ಟೆ ಕತ್ತರಿಸುವುದು ಆಕೆಯ ಕೆಲಸ. ಆಕೆಯ ಅಳಿಯ ಕಾರ್ಖಾನೆಯೊಳಗೆ ಬೆಂಕಿಯ ಹತ್ತಿರವೇ ದುಡಿಯುವವನು, ಇದೇ ಕೈಗವಸು ಹಾಕಿಕೊಳ್ಳುವವನು.

"ರಂಜನಾಬಾಯಿ, ಏನಾಗ್ಯಾದ ನಿಮಗ? ಹಿಂಗ ಒಳಗ ಹೊರಗ ಅಡ್ಡಾಡಿದ್ರ ನಮಗೂ ಹೊಲಿಗಿ ತಪ್ಪಲಿಕತ್ತಾವ."

ರಂಜನಾ ಎಲ್ಲ ಹೇಳಿದಳು. ಅಖ್ತರ ಬೇಗಂ ನಗಲಿಲ್ಲ, ಬೈಯಲೂ ಇಲ್ಲ.

"ಬರದೀರಿ, ಆಯ್ತು. ಈಗ ಅದನ್ನ ಖರೇ ಮಾಡ್ರಿ. ಇಲ್ಲಾಂದ್ರ ಫೋನ್ ಮಾಡಿ, ಸುಳ್ಳ ಬರದೀನಿ ಅಂತ ಹೇಳ್ರಿ. ಎರಡರಾಗ ಒಂದು ಮಾಡ್ರಿ ಬಾಯಿ. ನಡುವ ನಿಂತು ಪರೇಶಾನ್ ಆಗಬ್ಯಾಡ್ರಿ."

ಫೋನ್ ಮಾಡುವ ಧೈರ್ಯ ರಂಜನಾಗೆ ಬರಲಿಲ್ಲ. ಮರುದಿನ ಬಸ್ ಹತ್ತಿದಳು.

ಮೊದಲು ಚಿಂಚೋಳಿಗೆ ಅಂಟಿಕೊಂಡ ಚಂದಾಪುರ. ಅಲ್ಲಿ ಲಾರಿಗೆ ಹೊದಿಸುವ ತಾಡಪತ್ರಿ ಮಾರುವ ಅಂಗಡಿಯೊಂದರಲ್ಲಿ ಅವಳಿಗೆ ಬೇಕಾದಂಥದ್ದೇ ಬಟ್ಟೆ ಸಿಕ್ಕಿತು. ದಪ್ಪವೂ ಅದೇ, ನೇಯ್ಗೆಯೂ ಅದೇ. ಅಂಗಡಿಯವನು ಬೇಕಾದಷ್ಟು ಕೊಡುತ್ತೇನೆಂದ. ವಾಪಸ್ ಬರುವಾಗ ಅವಳು ಬಸ್ಸಿನ ಕಿಟಕಿಗೆ ತಲೆ ಆನಿಸಿ ನಿದ್ದೆ ಮಾಡಿದಳು, ಎಷ್ಟೋ ದಿನಗಳ ನಂತರ. ಎರಡು ಇದ್ದರೆ ಮೂರೂ ಇರಲಿ ಎಂದು, ಅದೇ ಹುರುಪಿನಲ್ಲಿ, ಎರಡು ದಿನ ಬಿಟ್ಟು ಶಹಾಬಾದಿಗೆ ಹೋದಳು. ಅಲ್ಲಿ ಹಾಜಿಮಲಂಗ್ ಎಂಬ ವ್ಯಾಪಾರಿಯ ಅಂಗಡಿ. ಕಲ್ಲಿನ ಗಣಿಗಳಿಗೆ, ಪಾಲಿಶ್ ಘಟಕಗಳಿಗೆ ಬೇಕಾದ ಹಗ್ಗ, ತಾಡಪತ್ರಿ, ಬಟ್ಟೆ ಎಲ್ಲ ಅವನಲ್ಲಿ ಸಿಗುತ್ತಿತ್ತು.

ಅವನು ಬಿಚ್ಚಿ ಹಾಸಿದ ಬಟ್ಟೆಯ ಅಂಚಿನಲ್ಲಿ ನೀಲಿ ಮಸಿಯ ಒಂಟೆಯ ಮುದ್ರೆಯಿತ್ತು. ರಂಜನಾಳ ಗೋದಾಮಿನ ಪ್ರತಿ ಹೊರೆಯ ಮೇಲೂ ಅದೇ ಒಂಟೆ.

"ಭಾಯಿ, ಇದು ಎಲ್ಲಿಂದ ಬರ್ತದ?"

"ಹೈದರಾಬಾದದಿಂದರಿ."

ಅವಳು ಸೇಠನ ಹೆಸರು ಹೇಳಿದಳು. ಹಾಜಿಮಲಂಗ್ ತಲೆಯಾಡಿಸಿದ. ಚಂದಾಪುರದ ಅಂಗಡಿಯ ವಿಷಯ ಹೇಳಿದಳು. ಅವನು ಜೋರಾಗಿ ನಕ್ಕ.

"ಅಕ್ಕಾರ, ಚಂದಾಪುರದಾಂವಗ ಕೊಡಾಂವ ನಾನು. ನನಗ ಕೊಡಾಂವ ನಿಮ್ಮ ಸೇಠ. ನೀವು ಮೂರು ಅಂಗಡಿ ತಿರುಗೀರಿ, ಗೋದಾಮ್ ಒಂದೇ ಅದ!"

ಅವಳಿಗೂ ನಗು ಬಂತು. ಆಮೇಲೆ ಅಲ್ಲಿದ್ದ ಹಗ್ಗದ ಸುರುಳಿಯ ಮೇಲೆಯೇ ಕೂತಳು. ಸೇಠನ ಗೋದಾಮಿಗೆ ಬೀಗ ಬಿದ್ದರೆ ಈ ಸೀಮೆಯಲ್ಲೆಲ್ಲ ಒಂದು ಗಜ ಕ್ಯಾನ್ವಾಸ್ ಸಿಗುವುದಿಲ್ಲ. ಹಾಜಿಮಲಂಗ್ ಚಹಾ ತರಿಸಿದ.

"ಸೋಲಾಪುರದ ಕಡಿ ನೋಡ್ರಿ," ಎಂದ ಅವನು. "ಅಲ್ಲಿ ಮಿಲ್ಲಿನಾಗ ನಮ್ಮ ಮಂದಿ ಅದಾರ. ಮಾಲು ರೈಲಿನಾಗ ಬರ್ತದ, ಲಾರಿ ಕಾಟಾ ಇಲ್ಲ. ಆದ್ರ ಬಟ್ಟಿ ಸ್ವಲ್ಪ ತೆಳು. ಬಣ್ಣಾನೂ ಬ್ಯಾರೆ, ಮಣ್ಣಿನ ಬಣ್ಣ."

ಆ ತೆಳು ಬಟ್ಟೆಯ ಮೇಲೆ ಎರಡು ವಾರ ಹೋಯಿತು. ಎರಡು ಪದರ ಹಾಕಿದರೆ ಸೂಜಿ ಮುರಿಯಿತು. ದಪ್ಪ ಸೂಜಿ ಹಾಕಿದರೆ ದಾರ ಹರಿಯಿತು. ಅಖ್ತರ ಬೇಗಂ ಬಾಯಲ್ಲಿ ಏನೇನೋ ಗೊಣಗುತ್ತ, ಕೊನೆಗೆ ಅಂಗೈ ಕಡೆಗೆ ಮಾತ್ರ ಎರಡು ಪದರ ಇಟ್ಟು, ಬೆರಳಿನ ಸಂದಿಯಲ್ಲಿ ಹೊಲಿಗೆಯ ದಾರಿ ಬದಲಿಸಿ ಒಂದು ಜೋಡಿ ನಿಲ್ಲಿಸಿದಳು. ಅಳಿಯನೇ ಅದನ್ನು ಎಂಟು ದಿನ ಹಾಕಿ ನೋಡಿ, ಹಳೆಯದಕ್ಕಿಂತ ಹಗುರ, ಬಿಸಿ ತಡೆಯುತ್ತದೆ ಎಂದ. ಉದಯಕುಮಾರನೂ ಮಾದರಿಯನ್ನು ಒಪ್ಪಿದ. ಒಂದು ಸುಳ್ಳು ನಿಜವಾಯಿತು. ಸೋಲಾಪುರದ ಎರಡು ಹೊರೆಗಳನ್ನು ರಂಜನಾ ಶಹಾಬಾದಿನಲ್ಲಿ ಹಾಜಿಮಲಂಗನ ಬಳಿಯೇ ಇಟ್ಟಳು. ಎಲ್ಲವೂ ಸೇಡಂನಲ್ಲೇ ಇರುವುದು ಬೇಡ ಎಂದು.

ಎರಡನೆಯ ಸುಳ್ಳು ಕಠಿಣವಿತ್ತು. ಚಿತ್ತಾಪುರದ ಕೋರ್ಟಿನ ಹಿಂದಿನ ಓಣಿಯಲ್ಲಿ ಗುರುದೇವಿ ಎಂಬಾಕೆ ಮನೆಯ ಪಡಸಾಲೆಯಲ್ಲಿ ಹೊಲಿಗೆ ತರಗತಿ ನಡೆಸುತ್ತಿದ್ದಳು. ಐದು ಯಂತ್ರ, ಏಳೆಂಟು ಹುಡುಗಿಯರು, ಗೋಡೆಯ ಮೇಲೆ ಬಸವಣ್ಣನ ಪಟ, ಅದರ ಕೆಳಗೆ ಅರ್ಧ ಹೊಲಿದ ಕುಪ್ಪಸಗಳ ಸಾಲು. ಸೇಡಂನಲ್ಲಿ ಏನಾದರೂ ಆದಾಗ ನೀವು ಕೆಲಸ ತಗೊಳ್ಳುವಿರಾ ಎಂದು ರಂಜನಾ ಕೇಳಿದಳು. ಗುರುದೇವಿ ಹಣೆಯ ವಿಭೂತಿ ಅಳಿಯದಂತೆ ಸೆರಗಿನ ತುದಿಯಲ್ಲಿ ಬೆವರು ಒತ್ತಿಕೊಂಡಳು.

"ನಿಮ್ಮದು ನಿಂತಾಗ ಮಾತ್ರ ನನ್ನ ನೆನಪಾದ್ರ ನಡಿಯಂಗಿಲ್ಲ ಅಕ್ಕ. ಕೈಗಿ ರೂಢಿ ಬೇಕು. ವರ್ಷಕ್ಕೊಮ್ಮಿ ಬಂದು, ಇವತ್ತ ಐವತ್ತು ಡಜನ್ ಹೊಲಿರಿ ಅಂದ್ರ ಯಾವ ಹುಡುಗಿ ಹೊಲೀತಾಳ? ವಾರಾ ವಾರಾ ಕೆಲಸ ಕೊಡ್ರಿ. ನಿಮ್ಮ ಕಷ್ಟಕ್ಕ ನಾ ನಿಲ್ತೀನಿ."

ಮಾತು ನ್ಯಾಯವಾಗಿತ್ತು. ರಂಜನಾ ವಾರಕ್ಕೆ ಇಪ್ಪತ್ತು ಡಜನ್ ಒಪ್ಪಿಕೊಂಡು ಬಂದಳು. ಆ ಇಪ್ಪತ್ತು ಎಲ್ಲಿಂದ ಬರಬೇಕು ಎಂಬುದನ್ನು ರೈಲಿನಲ್ಲಿ ಯೋಚಿಸಿದಳು, ಸೇಡಂ ಬರುವವರೆಗೂ ಉತ್ತರ ಬದಲಾಗಲಿಲ್ಲ.

"ನಮ್ಮ ಇಪ್ಪತ್ತು ಡಜನ್ ಯಾರನ್ನ ಕೇಳಿ ಕೊಟ್ರಿ?" ಎಂದಳು ಅಖ್ತರ ಬೇಗಂ. ಯಂತ್ರಗಳೆಲ್ಲ ಒಟ್ಟಿಗೆ ನಿಂತವು.

"ಆಪಾ, ನಾಳೆ ಇಲ್ಲಿ ಏನಾರ ಆದ್ರ—"

"ನಾಳಿ ಆಗೋದಕ್ಕ ಇವತ್ತೇ ಕಡಿಮಿ ಮಾಡೀರಿ. ಆರು ವರ್ಷ ಒಂದು ದಿನಾ ನಿಮ್ಮ ಮಾಲು ತಡಾ ಮಾಡಿಲ್ಲ ನಾವು. ಖರೇ ಮಾಡ್ರಿ ಅಂದಾಕಿ ನಾನೇ, ಹೌದು. ನಮ್ಮ ಕೈಯಿಂದ ತಗದು ಮಾಡ್ರಿ ಅಂದಿದ್ದಿಲ್ಲ."

ಮರುದಿನ ಇಬ್ಬರು ಕೆಲಸಕ್ಕೆ ಬರಲಿಲ್ಲ. ಒಬ್ಬಳು ಆಮೇಲೆ ಬಂದಳು, ಇನ್ನೊಬ್ಬಳು ಬರಲೇ ಇಲ್ಲ. ಬಂದವರೂ ರಂಜನಾ ಒಳಗೆ ಕಾಲಿಟ್ಟರೆ ಮಾತು ನಿಲ್ಲಿಸುತ್ತಿದ್ದರು. ಮನೆಯಲ್ಲಿ ಚಾತುರ್ಮಾಸ್ಯದ ಶಾಕವ್ರತ, ಎಲೆಯಲ್ಲಿ ಕಾಯಿಪಲ್ಲೆಯಿಲ್ಲ. ಇದ್ದ ಬೇಳೆ ಅನ್ನವನ್ನೂ ಅವಳು ನಿಂತುಕೊಂಡೇ ಉಣ್ಣುತ್ತಿದ್ದಳು. "ಕುಂತು ಉಣ್ಣು," ಎಂದು ಶ್ರೀರಾಮ ಹೇಳಿದರೆ ಅವಳಿಗೆ ಕೇಳಿಸುತ್ತಲೇ ಇರಲಿಲ್ಲ.

ಚಿತ್ತಾಪುರದಿಂದ ಮೊದಲ ಇಪ್ಪತ್ತು ಡಜನ್ ಬಂದಾಗ ಅಖ್ತರ ಬೇಗಂ ಒಂದು ಜೋಡಿ ಎತ್ತಿ, ಹೆಬ್ಬೆರಳಿನ ಹೊಲಿಗೆಯನ್ನು ಎರಡು ಕೈಯಲ್ಲಿ ಹಿಡಿದು ಎಳೆದಳು. ಚರ್ರನೆ ಬಿಚ್ಚಿಕೊಂಡಿತು.

"ಇದನ್ನ ಹಾಕ್ಕೊಂಡು ನನ್ನ ಅಳಿಯ ಬೆಂಕಿ ಮುಂದ ನಿಲ್ಲಬೇಕೇನು?" ಎಂದವಳೇ ಮರುದಿನ ಬೆಳಗಿನ ರೈಲಿಗೆ ಚಿತ್ತಾಪುರಕ್ಕೆ ಹೊರಟಳು, ರಂಜನಾಳನ್ನು ಕೇಳದೆ. ಸಂಜೆ ತಿರುಗಿ ಬಂದು, "ಹುಡುಗ್ಯಾರು ಚಲೋ ಅದಾರ. ಕಲಿಸಾಕಿಗೇ ಬರ್ತಿದ್ದಿಲ್ಲ," ಎಂದಷ್ಟೇ ಹೇಳಿದಳು. ಎರಡನೆಯ ಸಲ ಬಂದ ಮಾಲು ಎಳೆದರೂ ಬಿಚ್ಚಲಿಲ್ಲ.

ಶ್ರಾವಣದಲ್ಲಿ ಉದಯಕುಮಾರ ಪರಿಶೀಲನೆಗೆ ಬಂದ. ಕೈಯಲ್ಲಿ ಅವಳದೇ ಫಾರಂ. ಅವನು ಕುರ್ಚಿಯಲ್ಲಿ ಕೂರುವ ಮೊದಲೇ ರಂಜನಾ ಹೇಳಿಬಿಟ್ಟಳು.

"ಸರ್, ಅದರಾಗ ಮೂರು ಸುಳ್ಳು ಬರದಿದ್ದೆ. ಈಗ ಎರಡು ಖರೇ ಆಗ್ಯಾವ. ಆರು ವಾರದ ಬಟ್ಟಿ ಇನ್ನೂ ಇಲ್ಲ, ಮೂರು ವಾರದ್ದು ಅದ. ಚಿತ್ತಾಪುರದಾಗೂ ಐದೇ ಮಷೀನ್ ಅವ."

ಉದಯಕುಮಾರ ಕಾಗದವನ್ನು ಮಡಿಚಿದ. "ನೂರಾ ಎಂಬತ್ತು ಫಾರಂ ಬಂದಾವ ಮೇಡಂ. ಎಲ್ಲಾರೂ ಎಲ್ಲದಕ್ಕೂ ಹೌದು ಅಂತ ಬರದಾರ. ಹಿಂಗ ಹೇಳಿದವ್ರು ನೀವೊಬ್ಬರೇ." ಅವನ ಮುಖದಲ್ಲಿ ಸಂಕೋಚವಿತ್ತು. "ಆದ್ರ ಒಂದು ಮಾತು ಹೇಳಬೇಕಾಗ್ಯಾದ. ಬರೋ ತಿಂಗಳಿಂದ ನಿಮ್ಮ ಆರ್ಡರಿನಾಗ ನಾಲ್ಕನೇ ಪಾಲು ಹೈದರಾಬಾದಿನ ಒಂದು ಪಾರ್ಟಿಗೆ ಹೋಗ್ತದ."

"ಖರೇ ಹೇಳಿದ್ದಕ್ಕ ಇದೇನ್ರಿ?"

"ಅದಕ್ಕಲ್ಲ ಮೇಡಂ, ಮೊದಲೇ ಠರಾವ್ ಆಗಿತ್ತು. ಮ್ಯಾಲಿನವ್ರು ನಮ್ಮ ಕಡಿಂದನೂ ಫಾರಂ ತುಂಬಿಸ್ಯಾರ. ಗ್ಲೌಸ್ ಕೊಡಾವ್ರು ಎಷ್ಟು ಮಂದಿ ಅಂತ ಕೇಳಿದ್ರು. ಒಬ್ಬರೇ ಅಂತ ಬರದ್ವಿ."

ಅವನು ಹೋದ ಮೇಲೆ ರಂಜನಾ ಬಾಗಿಲಲ್ಲೇ ನಿಂತಿದ್ದಳು. ಕೋಪ ಯಾರ ಮೇಲೆ ಮಾಡಬೇಕೆಂದು ತಿಳಿಯಲಿಲ್ಲ. ಹಿಂದಿನಿಂದ ಅಖ್ತರ ಬೇಗಂ ಬಂದಳು. ಎಲ್ಲ ಕೇಳಿಸಿಕೊಂಡಿದ್ದಳು.

"ನೀವು ನಮಗ ಮಾಡಿದ್ದೇ ಅವ್ರು ನಿಮಗ ಮಾಡ್ಯಾರ ಬಾಯಿ."

"ಹೌದು ಆಪಾ."

"ಹೆಂಗ ಅನ್ನಸಲಿಕತ್ತದ?"

ಅಖ್ತರ ಬೇಗಂ ರಂಜನಾಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ, ತನ್ನ ಸ್ಟೂಲಿನ ಮೇಲೆ ಕೂರಿಸಿದಳು. ಬಹಳ ದಿನದ ಮೇಲೆ ಹೆಂಗಸರು ಅವಳೆದುರಿಗೆ ಮಾತಾಡಿದರು. ಗಿರಾಕಿ ಒಬ್ಬರೇ ಇದ್ದರೆ ಹೀಗೇ ಎಂದಳು ಒಬ್ಬಳು. ಹಾಗಾದರೆ ಇನ್ನೊಬ್ಬರನ್ನು ಹುಡುಕೋಣ ಎಂದಳು ಇನ್ನೊಬ್ಬಳು. ಆ ವಾರವೇ ರಂಜನಾ ಮತ್ತು ಅಖ್ತರ ಬೇಗಂ ಶಹಾಬಾದಿಗೆ ಹೋಗಿ, ಹಾಜಿಮಲಂಗನನ್ನು ಮುಂದಿಟ್ಟುಕೊಂಡು ಕಲ್ಲು ಪಾಲಿಶ್ ಮಾಡುವ ಘಟಕಗಳನ್ನು ಒಂದೊಂದಾಗಿ ಸುತ್ತಿದರು. ಏಳು ಕಡೆ ಬೇಡವೆಂದರು. ಎರಡು ಕಡೆ ಬೇಕೆಂದರು. ಕಳೆದುಕೊಂಡ ಇಪ್ಪತ್ತೈದು ಡಜನ್‌ಗೆ ಹದಿನೈದು ಸಿಕ್ಕಿತು.

ಭಾದ್ರಪದದಲ್ಲಿ ಮಳೆ ಹಿಡಿಯಿತು. ಮೂರು ಹಗಲು ಮೂರು ರಾತ್ರಿ ಬಿಡಲಿಲ್ಲ. ಕಾಗಿಣಾ ನದಿ ತುಂಬಿ ಮಳಖೇಡದ ಸೇತುವೆ ಮುಳುಗಿತು, ಹೈದರಾಬಾದಿನ ರಸ್ತೆಯೂ ಕಡಿದುಹೋಯಿತು. ನಾಲ್ಕನೆಯ ಬೆಳಿಗ್ಗೆ ರಂಜನಾ ಗೋದಾಮಿನ ಬಾಗಿಲು ತೆಗೆದರೆ ಮೊಣಕಾಲುದ್ದ ಕೆಂಪು ನೀರು, ಅದರ ಮೇಲೆ ತೇಲುತ್ತಿದ್ದ ಬೆರಳುಗಳು. ಕತ್ತರಿಸಿಟ್ಟ ಕೈಗವಸಿನ ತುಂಡುಗಳು. ಮೂರು ವಾರದ ಬಟ್ಟೆಯೆಲ್ಲ ನೀರು ಕುಡಿದು ಉಬ್ಬಿತ್ತು.

ಅಲ್ಲಿಯವರೆಗೆ ಅವಳು ಹೆದರಿದ್ದೆಲ್ಲ ರಸ್ತೆಗೆ, ಲಾರಿಗೆ, ಸೇಠನಿಗೆ. ತನ್ನ ಬಾಗಿಲೊಳಗೇ ನೀರು ಬರುತ್ತದೆಂದು ಎಣಿಸಿರಲಿಲ್ಲ. ವಿಚಿತ್ರವೆಂದರೆ, ಎರಡು ತಿಂಗಳಿಂದ ಓಡುತ್ತಿದ್ದ ಕಾಲುಗಳಿಗೆ ಈಗ ಎಲ್ಲಿಗೆ ಹೋಗಬೇಕೆಂದು ಗೊತ್ತಿತ್ತು.

"ರೈಲು ಅದ ಏನ್ ನೋಡ್ರಿ," ಎಂದು ಶ್ರೀರಾಮನಿಗೆ ಹೇಳಿದಳು. ಅವನು ಛತ್ರಿ ಹಿಡಿದು ನಿಲ್ದಾಣಕ್ಕೆ ಓಡಿ, ಒಂದು ತಾಸು ತಡ, ಆದರೆ ಬರುತ್ತದೆ ಎಂದು ಸುದ್ದಿ ತಂದ.

ಅಖ್ತರ ಬೇಗಂ ಸೀರೆಯನ್ನು ಮೇಲಕ್ಕೆ ಕಟ್ಟಿ, ಸ್ಕ್ರೂಗಳನ್ನು ಬಿಚ್ಚಿಸಿ, ನಾಲ್ಕು ಯಂತ್ರಗಳ ತಲೆಗಳನ್ನು, ನೀರು ಮುಟ್ಟದ ಚರ್ಮದ ತುಂಡುಗಳನ್ನು ಗೋಣಿಚೀಲಕ್ಕೆ ಹಾಕಿಸಿದಳು. ಆರು ಮಂದಿ ಹೆಂಗಸರು ಅವನ್ನು ಹೊತ್ತು, ಒದ್ದೆ ಕಾಲಿನಲ್ಲಿ ರೈಲು ಹತ್ತಿದರು. ಟಿಕೆಟ್ ನೋಡುವವನು ಚೀಲ ಮುಟ್ಟಿ, "ಇದೇನವ್ವ?" ಎಂದ. "ನಮ್ಮ ಹೊಟ್ಟಿ," ಎಂದಳು ಅಖ್ತರ ಬೇಗಂ. ಅವನು ಮುಂದೆ ಹೋದ.

ಶಹಾಬಾದಿನಿಂದ ಬರುವ ರಸ್ತೆಯೂ ಮುಳುಗಿತ್ತು. ಹಾಜಿಮಲಂಗ್ ಸೋಲಾಪುರದ ಎರಡು ಹೊರೆಗಳನ್ನು ತಾನೇ ರೈಲಿಗೆ ಹಾಕಿಕೊಂಡು ವಾಡಿಗೆ ತಂದು, ಅಲ್ಲಿ ಗಾಡಿ ಬದಲಿಸಿ ಚಿತ್ತಾಪುರಕ್ಕೆ ಮುಟ್ಟಿಸಿದ. ಗುರುದೇವಿ ತರಗತಿಯ ಕುಪ್ಪಸಗಳನ್ನೆಲ್ಲ ಗಂಟುಕಟ್ಟಿ ಅಟ್ಟಕ್ಕೆ ಹಾಕಿದ್ದಳು. ಪಡಸಾಲೆ ಸಾಲದೆ ಅಡುಗೆಮನೆಯಲ್ಲೂ ಎರಡು ಯಂತ್ರ ಕೂತವು.

ಒಂಬತ್ತು ದಿನ ಅಲ್ಲೇ. ಎಲ್ಲವೂ ಚೆನ್ನಾಗಿ ನಡೆಯಿತೆಂದಲ್ಲ. ಹೊರೆ ಬಿಚ್ಚಿದಾಗ ಒಂದು ಮೂಲೆಗೆ ತೇವ ತಗುಲಿತ್ತು. ಅಖ್ತರ ಬೇಗಂ ಮತ್ತು ಗುರುದೇವಿ ದಿನಕ್ಕೆ ಮೂರು ಸಲ ಜಗಳವಾಡಿದರು, ದಾರಕ್ಕೆ ಒಮ್ಮೆ, ಜಾಗಕ್ಕೆ ಒಮ್ಮೆ, ಯಾರ ಚಹಾ ಚೆನ್ನ ಎಂಬುದಕ್ಕೆ ಒಮ್ಮೆ. ವಾರಕ್ಕೆ ಎಪ್ಪತ್ತೈದು ಡಜನ್ ಬೇಕಿದ್ದಲ್ಲಿ ಐವತ್ತೆರಡು ಆಯಿತು. ಅದನ್ನೇ ರೈಲಿನಲ್ಲಿ ಸೇಡಂಗೆ ತಂದು, ಉದಯಕುಮಾರ ಕಳಿಸಿದ ಟ್ರ್ಯಾಕ್ಟರಿಗೆ ಏರಿಸಿದರು. ಹೈದರಾಬಾದಿನ ಹೊಸ ಪಾರ್ಟಿಯ ಲಾರಿ ತಾಂಡೂರಿನ ಆಚೆಯೇ ನಿಂತಿತ್ತು. ಇದ್ದ ಕೈಗವಸುಗಳನ್ನು ಕಾರ್ಖಾನೆಯವರು ಬೆಂಕಿಯ ಹತ್ತಿರ ದುಡಿಯುವವರಿಗೆ ಮೊದಲು ಹಂಚಿದರು. ಯಾರ ಕೈಯೂ ಸುಡಲಿಲ್ಲ.

ನೀರು ಇಳಿದ ಮೇಲೆ ಉದಯಕುಮಾರ ಫೋನ್ ಮಾಡಿದ. "ಮೇಡಂ, ಸಾಹೇಬ್ರು ಭಾಳ ಖುಷಿ ಆಗ್ಯಾರ. ಪೂರ್ತಿ ಆರ್ಡರ್ ಮತ್ತ ನಿಮಗೇ ಕೊಡ್ರಿ ಅಂದಾರ."

ಹೌದು ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಅವಳು ನಾಳೆ ಹೇಳುತ್ತೇನೆಂದಳು. ಆ ದಿನವೆಲ್ಲ ಕೆಸರು ಬಳಿಯುತ್ತ ಯೋಚಿಸಿದಳು. ಮರುದಿನ ಹೇಳಿದಳು: "ಅವ್ರ ಪಾಲು ಅವ್ರಿಗಿರಲಿ ಸರ್. ಈ ಸಲ ಅವ್ರ ಲಾರಿ ನಿಂತಿತ್ತು. ಮುಂದಿನ ಸಲ ನಮ್ಮ ರೈಲು ನಿಂತರ? ನನ್ನ ಮುಕ್ಕಾಲು ಪಾಲಿಗೆ ಎರಡು ವರ್ಷದ ಕಾಗದ ಮಾಡಿಕೊಡ್ರಿ, ಸಾಕು."

ಕಾಗದ ಒಂದೇ ವರ್ಷದ್ದು ಬಂತು. ಫೋನ್ ಇಟ್ಟ ಕೂಡಲೇ ತಪ್ಪು ಮಾಡಿದೆನೇನೋ ಅನ್ನಿಸಿತ್ತು ಅವಳಿಗೆ, ಕಾಗದ ಕೈಗೆ ಬಂದ ಮೇಲೂ ಅದು ಪೂರ್ತಿ ಹೋಗಲಿಲ್ಲ. ಸೇಡಂ ಗೋದಾಮಿನ ಇಬ್ಬರು ಚಿತ್ತಾಪುರದಲ್ಲೇ ಉಳಿದರು, ಅವರ ಊರು ಅಲ್ಲಿಗೇ ಹತ್ತಿರ. ಉಳಿದವರು ತೊಳೆದ ಗೋದಾಮಿಗೆ ವಾಪಸ್ ಬಂದರು. ಯಂತ್ರಗಳು ಈಗ ಶಹಾಬಾದ್ ಕಲ್ಲಿನ ಎತ್ತರದ ಕಟ್ಟೆಯ ಮೇಲೆ ಕೂತಿದ್ದವು.

ಒಂದು ಮಧ್ಯಾಹ್ನ ರಂಜನಾ ಕತ್ತರಿಸುವ ಮೇಜಿನ ಪಕ್ಕ ನಿಂತು ಬಹಳ ಹೊತ್ತು ನೋಡಿದಳು. ಅಖ್ತರ ಬೇಗಂ ಗೆರೆ ಹಾಕದೆ, ಅಳತೆ ಹಿಡಿಯದೆ ಬಟ್ಟೆ ಕತ್ತರಿಸುತ್ತಿದ್ದಳು. ಹಾಗೆ ಕತ್ತರಿಸುವವರು ಸೇಡಂನಲ್ಲೂ ಇಲ್ಲ, ಚಿತ್ತಾಪುರದಲ್ಲೂ ಇಲ್ಲ.

"ಆಪಾ, ನಿಮಗ ನಾಲ್ಕು ದಿನ ಆರಾಮ ಇಲ್ಲಾಂದ್ರ ಇದನ್ನ ಯಾರು ಮಾಡಬೇಕು?"

ಅಖ್ತರ ಬೇಗಂ ಕೈ ನಿಲ್ಲಿಸಿ ತಲೆ ಎತ್ತಿದಳು. "ನನಗೂ ಎರಡನೇದು ಹುಡುಕಲಿಕತ್ತೀರೇನು?"

ರಂಜನಾಗೆ ಅಲ್ಲವೆನ್ನಲು ಆಗಲಿಲ್ಲ.

"ನಿಮಗ ಚೈನ್ ಅನ್ನೋದೇ ಇಲ್ಲ ಬಾಯಿ," ಎಂದು ಅಖ್ತರ ಬೇಗಂ ಮತ್ತೆ ಬಟ್ಟೆಯತ್ತ ಬಾಗಿದಳು. ಆ ದಿನ ಇನ್ನು ಮಾತಾಡಲಿಲ್ಲ, ಮರುದಿನವೂ ಇಲ್ಲ. ಗುರುವಾರ ಬೆಳಿಗ್ಗೆ ರಂಜನಾ ಗೋದಾಮಿಗೆ ಬಂದಾಗ ಮೇಜು ಖಾಲಿಯಿತ್ತು. ಕತ್ತರಿ ಹಳೆಯ ದುಪಟ್ಟಾದಲ್ಲಿ ಸುತ್ತಿಕೊಂಡು ಆಪಾ ಚಿತ್ತಾಪುರದ ರೈಲಿಗೆ ಹೋದಳು ಎಂದು ಹೆಂಗಸರು ಹೇಳಿದರು. ಕತ್ತರಿಸುವುದನ್ನು ಕಲಿಸಲಂತೆ. ಎಡಗೈ ಬಳಸುವ ಒಬ್ಬ ಹುಡುಗಿ ಅಲ್ಲಿದ್ದಾಳಂತೆ, ಅವಳ ಕೈ ನಡುಗುವುದಿಲ್ಲವಂತೆ.